ಬೆನ್ನು ಬಾಗಿದವರನ್ನು ಯಾರು ಕೇಳಿದರು?

(ಲೂರ್ದುಮಾತೆಯ ಹಬ್ಬ ಹಾಗೂ ವಿಶ್ವ ರೋಗಿಗಳ ದಿನದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಇಂದು ಫೆಬ್ರವರಿ 11. 1858ರಲ್ಲಿ ಇದೇ ದಿನ ಫ್ರಾನ್ಸ್ ದೇಶದ ಲೂರ್ದು ಎಂಬ ಊರಿನಲ್ಲಿ, ಸೌದೆ ಆಯಲು ಹೋಗಿದ್ದ ಬಡ ಹುಡುಗಿ ಬೆರ್ನದೆತ್ತಳಿಗೆ ಮಾತೆ ಮರಿಯಮ್ಮನವರು ಮೊದಲ ಬಾರಿಗೆ ದರ್ಶನವಿತ್ತರು. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಈ ಹಬ್ಬವನ್ನೇ ವಿಶ್ವ ರೋಗಿಗಳ ದಿನವೆಂದು ಸಾರಿದರು. 1993ರಿಂದ ಧರ್ಮಸಭೆ ಇದನ್ನು ಆಚರಿಸುತ್ತಾ ಬಂದಿದೆ.

ಈ ದಿನ ಸಾಮಾನ್ಯವಾಗಿ ನಾವು ಎಲ್ಲ ರೋಗಿಗಳಿಗಾಗಿ ಪ್ರಾರ್ಥಿಸೋಣ ಎಂದು ಹೇಳಿ ಮುಗಿಸುತ್ತೇವೆ. ಈ ಸಲ ಒಂದೇ ಒಂದು ಕಾಯಿಲೆಯ ಬಗ್ಗೆ ಮಾತನಾಡುತ್ತೇನೆ. ಪರಮಪ್ರಸಾದ ಕೊಡಲೆಂದೋ ಮನೆ ಆಶೀರ್ವದಿಸಲೆಂದೋ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಹೋದಲ್ಲೆಲ್ಲ ಯಾರಾದರೊಬ್ಬರು ಟ್ರಂಕಿನಿಂದ ದೊಡ್ಡ ಕವರೊಂದನ್ನು ತೆಗೆದು ನನ್ನ ಕೈಗಿಡುತ್ತಾರೆ. ಒಳಗೆ ಬೆನ್ನಿನ ಎಂ.ಆರ್.ಐ. ಫಿಲ್ಮು. "ಆಪರೇಶನ್ ಮಾಡಿಸ್ಬೇಕೋ ಬ್ಯಾಡೋ, ನೀವ ಹೇಳ್ರಿ ಫಾದರ್" ಎನ್ನುತ್ತಾರೆ. ಗುರುಮಠದಲ್ಲಿ ನನಗೆ ದೈವಶಾಸ್ತ್ರ ಕಲಿಸಿದರು, ಎಂ.ಆರ್.ಐ. ಓದುವುದನ್ನು ಕಲಿಸಲಿಲ್ಲ. ಆದರೆ ಕೇಳಿದವರಿಗೆ ಸುಮ್ಮನೆ ತಲೆಯಲ್ಲಾಡಿಸಿ ಬರುವುದೂ ಸರಿಯಲ್ಲ. ಆದ್ದರಿಂದ ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡಷ್ಟನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಹದಿನೆಂಟು ವರ್ಷಗಳಿಂದ ಬೆನ್ನು ಬಾಗಿದವಳು, ನೆಟ್ಟಗೆ ನಿಲ್ಲಲಾರದವಳು. ಸಬ್ಬತ್ ದಿನ ಎಲ್ಲರಂತೆ ಪ್ರಾರ್ಥನಾ ಮಂದಿರಕ್ಕೆ ಬಂದಿದ್ದಾಳೆ. ಕುರುಡ ಬಾರ್ತಿಮಾಯನ ಹಾಗೆ ಆಕೆ ಕೂಗಿ ಕರೆಯುವುದಿಲ್ಲ, ಏನನ್ನೂ ಬೇಡುವುದಿಲ್ಲ. ಯೇಸುಸ್ವಾಮಿ ತಾವಾಗಿ ಆಕೆಯನ್ನು ನೋಡುತ್ತಾರೆ, ಕರೆಯುತ್ತಾರೆ, ಮಾತನಾಡಿಸುತ್ತಾರೆ, ಮೈಮೇಲೆ ಕೈಯಿಡುತ್ತಾರೆ. ಮಂದಿರದ ಅಧಿಕಾರಿಗೆ ಸಿಟ್ಟು ಬರುತ್ತದೆ. ಗುಣ ಮಾಡಿಸಿಕೊಳ್ಳಲು ವಾರದಲ್ಲಿ ಇನ್ನು ಆರು ದಿನ ಇಲ್ಲವೇ ಎಂದು ಜನರನ್ನು ಗದರುತ್ತಾನೆ. ಅದಕ್ಕೆ ಪ್ರಭು ಕೊಟ್ಟ ಉತ್ತರ ನಮ್ಮ ರೈತರಿಗೆ ವಿವರಿಸಬೇಕಾದದ್ದೇನಲ್ಲ: ಸಬ್ಬತ್ ಇದ್ದರೂ ಎತ್ತನ್ನು ಗೋದಲಿಯಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುತ್ತೀರಿ, ಹಾಗಿದ್ದ ಮೇಲೆ ಅಬ್ರಹಾಮನ ಕುಲದ ಈ ಮಗಳ ಕಟ್ಟನ್ನು ಬಿಚ್ಚಬಾರದೇ? ಎತ್ತು ಮತ್ತು ನೀರಿನ ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಆ ಹೆಂಗಸಿಗಿದ್ದ ಕಾಯಿಲೆ ಯಾವುದೆಂದು ವೈದ್ಯರೂ ಯೋಚಿಸಿದ್ದಾರೆ. ಬೆನ್ನೆಲುಬಿನ ಕೀಲುಗಳು ಒಂದಕ್ಕೊಂದು ಬೆಸೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದೆಂದು ಕೆಲವರ ಊಹೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಬೇರೆ. ವೈದ್ಯರ ಚೀಟಿಯಲ್ಲಿ ಅದರ ಹೆಸರು ಸ್ಪೈನಲ್ ಸ್ಟೆನೋಸಿಸ್. ಬೆನ್ನೆಲುಬಿನೊಳಗಿನ ದಾರಿ ಕಿರಿದಾಗುವುದು ಎಂದು ಅದರ ಅರ್ಥ.

ನಿಮ್ಮ ಕೈಯಲ್ಲಿರುವ ಜಪಸರವನ್ನು ನೋಡಿ. ಮಣಿಗಳ ತೂತಿನಲ್ಲಿ ದಾರ ಹಾದುಹೋಗಿದೆ. ಹಾಗೆಯೇ ಬೆನ್ನೆಲುಬಿನ ಮೂಳೆಗಳ ತೂತುಗಳ ಸಾಲಿನೊಳಗೆ ಬೆನ್ನುಹುರಿ ಇಳಿದು ಬರುತ್ತದೆ. ಸೊಂಟದ ಮೇಲ್ಭಾಗಕ್ಕೆ ಹುರಿ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆಯ ಬಾಲದಂತೆ ಎಳೆಎಳೆಯಾಗಿ ಕಾಲುಗಳಿಗೂ ಮೂತ್ರಕೋಶಕ್ಕೂ ಹೋಗುತ್ತವೆ. ವಯಸ್ಸಾದಂತೆ ಮೂಳೆಗಳ ನಡುವಿನ ಮೆತ್ತೆ ಚಪ್ಪಟೆಯಾಗಿ ಹಿಂದಕ್ಕೆ ಉಬ್ಬುತ್ತದೆ, ಹಿಂಬದಿಯ ಕೀಲುಗಳು ದಪ್ಪಗಾಗುತ್ತವೆ, ಮೂಳೆಗಳನ್ನು ಕಟ್ಟಿಹಿಡಿದ ಅಸ್ಥಿಬಂಧ ಉಬ್ಬಿ ಒಳಕ್ಕೆ ಬರುತ್ತದೆ. ದಾರಿ ಇಕ್ಕಟ್ಟಾಗಿ ನರಗಳು ಅದುಮಿಕೊಳ್ಳುತ್ತವೆ. ಕೆಲವರಿಗೆ ಹುಟ್ಟುವಾಗಲೇ ಆ ದಾರಿ ಸಣ್ಣದಿರುತ್ತದೆ. ಅಂಥವರಿಗೆ ನಲವತ್ತು ದಾಟುವಷ್ಟರಲ್ಲಿ ತೊಂದರೆ ಶುರು. ಹಾಲೆಂಡಿನ ಉಟ್ರೆಕ್ಟ್ ನಗರದ ನರಶಸ್ತ್ರಚಿಕಿತ್ಸಕ ಹೆಂಕ್ ವರ್ಬೀಸ್ಟ್ ಎಂಬವರು 1954ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿ ಬರೆದರು. ಅಲ್ಲಿಯವರೆಗೆ ಇಂಥ ರೋಗಿಗಳನ್ನು ಎಷ್ಟೋ ಕಡೆ ನೆಪ ಹೇಳುವವರೆಂದು ನೋಡುತ್ತಿದ್ದರು. ಏಕೆಂದರೆ ಮಂಚದ ಮೇಲೆ ಮಲಗಿಸಿ ಪರೀಕ್ಷಿಸಿದರೆ ಅವರಲ್ಲಿ ಯಾವ ದೋಷವೂ ಕಾಣದು. ನಡೆಯಲು ಹಚ್ಚಿದಾಗ ಮಾತ್ರ ರೋಗ ಹೊರಗೆ ಬರುತ್ತದೆ.

ಹೇಗೆ ಬರುತ್ತದೆ? ನೂರು ಹೆಜ್ಜೆ ನಡೆಯುವಷ್ಟರಲ್ಲಿ ತೊಡೆ, ಮೀನಖಂಡ ಭಾರವಾಗುತ್ತವೆ, ಜೋಮು ಹಿಡಿಯುತ್ತದೆ, ಉರಿಯುತ್ತದೆ. ಕಟ್ಟೆ ಸಿಕ್ಕರೆ ಕುಳಿತುಕೊಳ್ಳುತ್ತಾರೆ. ಎರಡು ನಿಮಿಷಕ್ಕೆ ಹಗುರ. ಮತ್ತೆ ನೂರು ಹೆಜ್ಜೆ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದಾಗ ನೋವು ಬರುತ್ತದೆ, ಆದರೆ ಅವರಿಗೆ ನಿಂತರೆ ಸಾಕು. ಇವರು ಕೂರಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ಬಾಗಿದಾಗ ಬೆನ್ನೆಲುಬಿನೊಳಗಿನ ದಾರಿ ಸ್ವಲ್ಪ ಅಗಲವಾಗುತ್ತದೆ, ನೆಟ್ಟಗಾದರೆ ಕಿರಿದಾಗುತ್ತದೆ. ಗುಟ್ಟು ಇಷ್ಟೇ. ಆದ್ದರಿಂದಲೇ ಕೊಪ್ಪಳದ ಕೋಟೆ ಗುಡ್ಡ ಹತ್ತುವಾಗ ಇಲ್ಲದ ನೋವು ಇಳಿಯುವಾಗ ಕಾಡುತ್ತದೆ. ಗಂಗಾವತಿ ಕಡೆಯ ಒಬ್ಬ ತಾಯಿ, ಭತ್ತದ ನಾಟಿ ಮಾಡುವಾಗ ಆರಾಮ ಇರ್ತೀನಿ, ಬದುವಿನ ಮ್ಯಾಲೆ ಎದ್ದು ಮನೀಗೆ ನಡಿಯೋದ ಸಾಕಾಗ್ತೈತಿ ಎಂದರು. ಅವರ ಗಂಡ ನಕ್ಕರು. ಕೆಲಸಕ್ಕೆ ಇಲ್ಲದ ನೋವು ದಾರಿಗೆ ಹೆಂಗ ಬರ್ತೈತಿ ಎಂದು ಅವರ ಅನುಮಾನ. ತಾಯಿ ಹೇಳಿದ್ದು ಅಕ್ಷರಶಃ ನಿಜ. ಸೈಕಲ್ ಮೇಲೆ ಮೂರು ಮೈಲಿ ಹೋಗುವ ಮುದುಕರು ಗುಡಿಯ ಬಾಗಿಲಿನಿಂದ ಪೀಠದವರೆಗೆ ಬರಲು ಎರಡು ಸಲ ಬೆಂಚು ಹಿಡಿಯುತ್ತಾರೆ. ಶುಭಸಂದೇಶಕ್ಕೆ ಎದ್ದು ನಿಂತವರು ಮುಂದಿನ ಬೆಂಚಿಗೆ ಕೈಯೂರಿ ಬಾಗುತ್ತಾರೆ. ಅವರನ್ನು ಅಗೌರವದವರೆಂದು ತಿಳಿಯಬೇಡಿ. ಮನೆಯಲ್ಲಿ ಹಿರಿಯರಿಗೆ "ನೆಟ್ಟಗ ನಡಿ" ಎಂದು ಗದರುವ ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಆ ಬಾಗುವಿಕೆ ಅವರು ತಾವೇ ಕಂಡುಕೊಂಡ ಔಷಧ.

ಭಾರ ಹೊರುವವರ ಬೆನ್ನು ಬೇಗ ಸವೆಯುತ್ತದೆ ಎಂಬುದನ್ನು ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಹಮಾಲರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಭತ್ತದ ಚೀಲ 75 ಕಿಲೋ. ಒಬ್ಬ ಗಂಡಸು ಹೊರುವ ಭಾರ 55 ಕಿಲೋ ಮೀರದಿರಲಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಈ ಬಗ್ಗೆ ಮಾಲೀಕರ ಮುಂದೆ ಮಾತನಾಡುವ ಪ್ರಬೋಧನೆ ಬೇರೆಯೇ ಬೇಕು, ಅದನ್ನು ಇನ್ನೊಂದು ದಿನ ಮಾಡುತ್ತೇನೆ.

ಈಗ ನೀರಿನ ಮಾತು. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿಗೆ ನೀರು ಕೊಟ್ಟಿತು. ಯಲಬುರ್ಗಾ, ಕುಷ್ಟಗಿಯ ಒಣಭೂಮಿಯವರು ಕೊಳವೆಬಾವಿ ಕೊರೆದರು. ನಮ್ಮ ನೆಲದಡಿಯ ಕಲ್ಲಿನಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಆಳದಲ್ಲಿ ಬಹುಕಾಲ ಕಲ್ಲಿನೊಡನೆ ನಿಂತರೆ ಅದು ಕರಗಿ ನೀರಿಗೆ ಸೇರುತ್ತದೆ. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5 ಎಂಬುದು ಭಾರತೀಯ ಮಾನಕ. ಈ ಎರಡು ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿಗಳು ಈ ಮಿತಿಯನ್ನು ಮೀರಿವೆ. ಮಕ್ಕಳ ಹಲ್ಲಿನ ಹಳದಿ, ಕಂದು ಗೆರೆ ನೋಡಿ ನಮಗೆಲ್ಲ ಗೊತ್ತು. ಹಲ್ಲಿನಲ್ಲಿ ಕಂಡದ್ದು ಹತ್ತಾರು ವರ್ಷಗಳಲ್ಲಿ ಮೂಳೆಗೂ ಇಳಿಯುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೂಳೆ ದಪ್ಪಗಾಗುತ್ತದೆ, ಬೆನ್ನು ಸೆಟೆಯುತ್ತದೆ, ಬೆನ್ನೆಲುಬಿನೊಳಗಿನ ಮೃದುವಾದ ಅಸ್ಥಿಬಂಧಗಳೇ ಮೂಳೆಯಾಗಿ ಗಟ್ಟಿಯಾಗುತ್ತವೆ. ಆಗ ಬೆನ್ನುಹುರಿಗೆ ಜಾಗವಿಲ್ಲದಂತಾಗುತ್ತದೆ.

ಭಾರತದಲ್ಲಿ ಈ ಮೂಳೆರೋಗವನ್ನು 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ಗುರುತಿಸಿದರು. 1955ರಲ್ಲಿ ಹೈದರಾಬಾದ್ ರಾಜ್ಯದ ನಲಗೊಂಡ ಜಿಲ್ಲೆಯ ರೋಗಿಗಳ ವರದಿ ಬಂತು. ಆಗ ನಮ್ಮ ಕೊಪ್ಪಳವೂ ಅದೇ ರಾಜ್ಯದಲ್ಲಿತ್ತು. ಹೈದರಾಬಾದಿನ ನರಶಸ್ತ್ರಚಿಕಿತ್ಸಕ ಡಾ. ಡಿ. ರಾಜಾ ರೆಡ್ಡಿಯವರು ಇಂಥ ರೋಗಿಗಳ ಬೆನ್ನುಹುರಿ ಹೇಗೆ ಒತ್ತಡಕ್ಕೆ ಸಿಗುತ್ತದೆ ಎಂಬುದನ್ನು 2009ರಲ್ಲಿ ವಿವರವಾಗಿ ಬರೆದಿದ್ದಾರೆ. ಅಂದರೆ ವಿದ್ಯೆಗೆ ಕೊರತೆಯಿಲ್ಲ, ಅದು ನಮ್ಮ ಅಂಗಳಕ್ಕೆ ಬರುವುದು ತಡವಾಗಿದೆ.

ಯಲಬುರ್ಗಾ ಕಡೆಯ ಒಬ್ಬ ಸಹೋದರನ ವಿಷಯ ಹೇಳಬೇಕು. ಐವತ್ತೆರಡು ವಯಸ್ಸು. ಮೊದಲು ಅಂಗಿಯ ಗುಂಡಿ ಹಾಕಲು ಬೆರಳು ಬರಲಿಲ್ಲ. ಆಮೇಲೆ ತುತ್ತು ಕಲಸುವಾಗ ಕೈ ತಡವರಿಸಿತು. ಕಾಲು ಮರದಂತೆ ಸೆಟೆದು, ಕತ್ತಲಲ್ಲಿ ನಡೆದರೆ ವಾಲುತ್ತಿದ್ದರು. ನೋವು ಅಂಥದ್ದೇನೂ ಇರಲಿಲ್ಲ, ಆದ್ದರಿಂದ ಯಾರೂ ಹೆದರಲಿಲ್ಲ. "ವೀಕ್ನೆಸ್" ಎಂದು ಬಾಟಲಿ ಏರಿಸಿದರು, ಕುತ್ತಿಗೆ ನೀವಿಸಿದರು, ಬೆನ್ನಿಗೆ ಬರೆ ಹಾಕಿಸಿದರು. ಒಂದೂವರೆ ವರ್ಷ ಹೀಗೇ ಹೋಯಿತು. ಕಡೆಗೆ ನೋಡಿದ ವೈದ್ಯರು ಕುತ್ತಿಗೆಯ ಎಂ.ಆರ್.ಐ. ಜೊತೆಗೆ ಮುಂಗೈಯ ಎಕ್ಸ್-ರೇ ತೆಗೆಸಿದರು. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣಗಟ್ಟಿತ್ತು. ಅದು ಫ್ಲೋರೈಡಿನ ಸಹಿ. "ಯಾವ ಬೋರಿನ ನೀರು ಕುಡಿಯುತ್ತೀರಿ?" ಎಂದು ಅವರು ಕೇಳಿದ್ದು ಆಗ. ಶಸ್ತ್ರಚಿಕಿತ್ಸೆಯಾಯಿತು. ಇಂದು ಆ ಸಹೋದರ ಕೋಲು ಹಿಡಿದು ನಡೆಯುತ್ತಾರೆ, ಮೂತ್ರದ ಹತೋಟಿ ಉಳಿದಿದೆ. ಬೆರಳುಗಳು ಮರಳಿ ಬಂದಿಲ್ಲ. ಅವರ ಅಂಗಿಯ ಗುಂಡಿಯನ್ನು ಹೆಂಡತಿ ಹಾಕುತ್ತಾರೆ.

ಆದ್ದರಿಂದ ಪ್ರಿಯರೇ, ಎಲ್ಲರ ಬೆನ್ನಿಗೂ ಒಂದೇ ಗಡಿಯಾರ ಅಲ್ಲ. ಇಂದು ನಾನು ಹೇಳುವುದರಲ್ಲಿ ಇದೊಂದನ್ನು ಮರೆಯಬೇಡಿ. ಸೊಂಟದ ಸ್ಟೆನೋಸಿಸ್‌ನಲ್ಲಿ ನೋವು, ಜೋಮು ಮಾತ್ರ ಇದ್ದರೆ ನಿಮಗೆ ಸಮಯವಿದೆ. ಹೆಚ್ಚಿನವರಿಗೆ ಅದು ವರ್ಷಗಟ್ಟಲೆ ಹಾಗೇ ಇರುತ್ತದೆ, ಕೆಲವರಿಗೆ ಹಗುರವೂ ಆಗುತ್ತದೆ. ಆದರೆ ಕುತ್ತಿಗೆಯಲ್ಲಿ ಹುರಿ ಅದುಮಿ ಕೈ ತಡವರಿಸತೊಡಗಿದರೆ, ಕಾಲು ಸೆಟೆಯತೊಡಗಿದರೆ ಕಾಯಬೇಡಿ. ಕುತ್ತಿಗೆಯನ್ನು ಯಾರ ಕೈಗೂ ತಿರುವಲು ಕೊಡಬೇಡಿ. ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಮಲದ ಹತೋಟಿ ತಪ್ಪಿದರೆ, ಕುಳಿತುಕೊಳ್ಳುವ ಜಾಗ, ತೊಡೆಸಂದು ಮರಗಟ್ಟಿದರೆ, ಕಾಲಿನ ಶಕ್ತಿ ದಿನದಿನಕ್ಕೆ ಕುಸಿದರೆ ಅದು ಆ ದಿನವೇ ದೊಡ್ಡಾಸ್ಪತ್ರೆಗೆ ಹೋಗಬೇಕಾದ ರೋಗ. ಹೇಳಲು ನಾಚಿಕೆಯ ಸಂಗತಿಗಳೆಂದು ನಮ್ಮ ತಾಯಂದಿರು ಇವನ್ನೇ ಮುಚ್ಚಿಡುತ್ತಾರೆ.

ಸಮಯವಿರುವವರ ಆಯ್ಕೆಗಳೇನು? ಪ್ರಬೋಧನೆಯಲ್ಲಿ ಅಂಕಿಸಂಖ್ಯೆ ಹೇಳಬಾರದೆಂದು ನಮ್ಮ ಗುರುಮಠದ ಪ್ರಾಧ್ಯಾಪಕರೊಬ್ಬರ ಕಟ್ಟಪ್ಪಣೆಯಿತ್ತು. ಇಂದೊಂದು ದಿನ ಅದನ್ನು ಮೀರುತ್ತೇನೆ.

ಮೊದಲು ಆ ಫಿಲ್ಮಿನ ಬಗ್ಗೆ. 1990ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದವರ ಎಂ.ಆರ್.ಐ. ತೆಗೆದು ನೋಡಿದರು. ಅರವತ್ತು ದಾಟಿದವರಲ್ಲಿ ಐವರಲ್ಲಿ ಒಬ್ಬರಿಗೆ ಸ್ಟೆನೋಸಿಸ್ ಕಂಡಿತು. ಅವರು ಆರಾಮವಾಗಿ ಓಡಾಡಿಕೊಂಡಿದ್ದವರು. ಫಿಲ್ಮಿನಲ್ಲಿ ಕಿರಿದಾಗಿ ಕಂಡಿತೆಂದು ಹೆದರಿ ಆಪರೇಶನ್ ಮಾಡಿಸುವುದಲ್ಲ. ಕಾಲು ಹೇಳುವುದಕ್ಕೂ ಫಿಲ್ಮು ಹೇಳುವುದಕ್ಕೂ ತಾಳೆ ಇರಬೇಕು.

ವ್ಯಾಯಾಮವನ್ನು ನಮ್ಮವರು ಔಷಧವೆಂದೇ ಎಣಿಸುವುದಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಪರೇಶನ್‌ಗೆ ಒಪ್ಪಿದ್ದ 169 ಮಂದಿಯನ್ನು ಎರಡು ಗುಂಪು ಮಾಡಿ ಅರ್ಧ ಜನರಿಗೆ ಮೊದಲು ಫಿಜಿಯೋಥೆರಪಿ ಕೊಟ್ಟರು. ಎರಡು ವರ್ಷದ ಮೇಲೆ ಎರಡೂ ಗುಂಪಿನವರ ಓಡಾಟ ಹೆಚ್ಚುಕಡಿಮೆ ಒಂದೇ. ಆದರೆ ಪ್ರಾಮಾಣಿಕವಾಗಿ ಇನ್ನೊಂದು ಮಾತೂ ಹೇಳಬೇಕು: ಫಿಜಿಯೋಥೆರಪಿ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ಆ ನಡುವೆ ಆಪರೇಶನ್ ಮಾಡಿಸಿಕೊಂಡರು. ಬೆನ್ನಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆ 2014ರಲ್ಲಿ 400 ರೋಗಿಗಳ ಪರೀಕ್ಷೆ ನಡೆಯಿತು. ಬರೀ ಮರಗಟ್ಟಿಸುವ ಮದ್ದು ಕೊಟ್ಟವರಿಗಿಂತ ಸ್ಟಿರಾಯ್ಡ್ ಸೇರಿಸಿ ಕೊಟ್ಟವರಿಗೆ ಆರು ವಾರದ ಮೇಲೆ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಗಳು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತವೆ. ಅದಕ್ಕೆ ಅಧ್ಯಯನ ಬೇಡ, ಡಯಾಲಿಸಿಸ್‌ಗೆ ಹೋಗುವವರನ್ನು ಕೇಳಿ.

ಶಸ್ತ್ರಚಿಕಿತ್ಸೆ ಎಂದರೆ ಹಿಂಬದಿಯ ಮೂಳೆಯ ಭಾಗ ಹಾಗೂ ದಪ್ಪಗಾದ ಅಸ್ಥಿಬಂಧವನ್ನು ತೆಗೆದು ನರಕ್ಕೆ ಜಾಗ ಮಾಡಿಕೊಡುವುದು. ಬೆನ್ನು ಹೊಸದಾಗುವುದಿಲ್ಲ, ಜಾಗವಾಗುತ್ತದೆ ಅಷ್ಟೇ. 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಆಪರೇಶನ್ ಮಾಡಿಸಿಕೊಂಡವರ ನೋವು ಎರಡು ವರ್ಷದಲ್ಲಿ ಉಳಿದವರಿಗಿಂತ ಹೆಚ್ಚು ಇಳಿದಿತ್ತು. ಎಂಟು ವರ್ಷಕ್ಕೆ ಮತ್ತೆ ನೋಡಿದಾಗ ಒಂದು ಗುಂಪಿನಲ್ಲಿ ಆ ಅಂತರ ಕಿರಿದಾಗಿತ್ತು, ಇನ್ನೊಂದರಲ್ಲಿ ಉಳಿದಿತ್ತು. ಕಾಲಿನ ನೋವಿಗೆ ಸಿಗುವ ಲಾಭ ಬೆನ್ನುನೋವಿಗೆ ಸಿಗುವುದಿಲ್ಲ. ಸೋಂಕು, ನರದ ಪೊರೆ ಹರಿಯುವುದು, ಮತ್ತೊಮ್ಮೆ ಆಪರೇಶನ್ ಬೇಕಾಗುವುದು ಇವೆಲ್ಲ ಕೆಲವರಿಗೆ ಆಗುವ ಸಂಗತಿಗಳು. ರಾಡು, ಸ್ಕ್ರೂ ಹಾಕಬೇಕೆಂದರೆ ಏಕೆ ಎಂದು ಕೇಳಿ. ಮೂಳೆ ಜಾರಿದ ಕೆಲವರಿಗೆ ಅದು ಬೇಕಾಗುತ್ತದೆ, ಆದರೆ ಸ್ವೀಡನ್ನಿನಲ್ಲಿ 247 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಇನ್ನು ಫ್ಲೋರೈಡ್ ಹಿಡಿದ ಬೆನ್ನಾದರೆ ಮೂಳೆ ಕಲ್ಲಿನಂತಿರುತ್ತದೆ, ಪೊರೆಗೆ ಅಂಟಿಕೊಂಡಿರುತ್ತದೆ. ಅಂಥ ರೋಗಿಗಳನ್ನು ಮಾಡಿ ಅನುಭವವಿರುವವರ ಕೈಯಲ್ಲೇ ಆಗಬೇಕು.

ಗಂಗಾವತಿಯ ಒಬ್ಬ ಹಮಾಲ ಸಹೋದರ ಆರು ತಿಂಗಳು ವ್ಯಾಯಾಮ ಮಾಡಿದರು. ಗಿರಣಿಯ ಗೇಟಿನಿಂದ ಚಹಾದಂಗಡಿಗೆ ನಡೆಯುವುದೂ ಆಗದೆ ಹೋದಾಗ ತಾವೇ ನಿರ್ಧರಿಸಿ ಆಪರೇಶನ್ ಮಾಡಿಸಿಕೊಂಡರು. ಈಗ ಚೀಲ ಹೊರುವುದಿಲ್ಲ, ವಾಚ್‌ಮನ್ ಕೆಲಸ. "ಬೆನ್ನುನೋವ ಹಂಗ ಐತ್ರಿ ಫಾದರ್. ಕಾಲು ಮಾತ್ರ ನನ್ನವ ಆದವು" ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿಯಾದ ನಿರ್ಧಾರ.

ಕುಷ್ಟಗಿ ಹತ್ತಿರದ ಇನ್ನೊಂದು ಮನೆಯಲ್ಲಿ ಅರವತ್ತೆಂಟರ ತಾಯಿ. ಸೊಂಟದಲ್ಲಿ ಸ್ಟೆನೋಸಿಸ್. ಅದೇ ವಿಷಯಕ್ಕೆ ಮನೆಮಂದಿಯೆಲ್ಲ ಸೇರಿ ನನ್ನನ್ನೂ ಕರೆಸಿದ್ದರು. ಬೆಂಗಳೂರಿನಲ್ಲಿ ದುಡಿಯುವ ದೊಡ್ಡ ಮಗ, ಸಾಲ ಮಾಡಿಯಾದರೂ ಆಪರೇಶನ್ ಮಾಡಿಸೋಣ ಎಂದ. ಊರಲ್ಲಿರುವ ಮಗ, ಪಕ್ಕದ ಹಳ್ಳಿಯಲ್ಲಿ ಒಬ್ಬರು ಬೆನ್ನಿನ ಆಪರೇಶನ್ ಆದಮೇಲೆ ಹಾಸಿಗೆ ಹಿಡಿದರು, ಬೇಡವೇ ಬೇಡ ಎಂದ. ಅಳಿಯ ನಾಟಿ ವೈದ್ಯರ ಹೆಸರು ಹೇಳಿದ. ಮಗಳು ಅಳುತ್ತಿದ್ದಳು. ಒಂದು ಗಂಟೆ ಮಾತು ನಡೆಯಿತು. ಆ ತಾಯಿ ಮೂಲೆಯಲ್ಲಿ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ಯಾರೂ ಅವರನ್ನು ಕೇಳಲಿಲ್ಲ. ಪ್ರೀತಿ ಇಲ್ಲವೆಂದಲ್ಲ, ಅಷ್ಟೂ ಜನ ಪ್ರೀತಿಯಿಂದಲೇ ಜಗಳವಾಡುತ್ತಿದ್ದರು.

"ಯವ್ವಾ, ನಿಮಗ ಏನ್ ಆಗಬೇಕಂತೀರಿ?" ಎಂದೆ.

"ನನಗ ದೂರ ನಡಿಯೋದ ಬ್ಯಾಡ್ರಿ ಫಾದರ್. ರಾತ್ರಿ ಎದ್ದ ಒಬ್ಬಾಕೆ ಹಿತ್ತಲಕ ಹೋಗಿ ಬರೂವಷ್ಟ ಆದ್ರ ಸಾಕು. ಸೊಸಿನ ಎಬ್ಬಸಬಾರದು. ಬೆಳಗಾದ್ರ ಆಕಿ ಕೂಲಿಗಿ ಹೋಗಬೇಕಲ್ರಿ."

ಮನೆಯವರು ಸುಮ್ಮನಾದರು. ಅವರೆಲ್ಲ ಚರ್ಚಿಸುತ್ತಿದ್ದದ್ದು ತಾಯಿ ಮೊದಲಿನಂತೆ ಹೊಲಕ್ಕೆ ಹೋಗುವುದನ್ನು. ತಾಯಿ ಬಯಸಿದ್ದು ಹಿತ್ತಲವರೆಗಿನ ಇಪ್ಪತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆಗೆ ದಾರಿ ಬೇರೆಯೇ ಇರುತ್ತದೆ. ಮಗ ಒಂದು ವಾಕರ್ ತಂದ, ಹಿತ್ತಲಿಗೆ ದೀಪ ಹಾಕಿಸಿದ, ಮೆಟ್ಟಿಲಿಗೆ ಹಿಡಿಕೆ ಕೂರಿಸಿದ, ಕಕ್ಕಸಿಗೆ ಎತ್ತರದ ಕುರ್ಚಿ ಇಟ್ಟ. ಮಲಗಿ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವ ವ್ಯಾಯಾಮವನ್ನು ಫಿಜಿಯೋಥೆರಪಿಯವರು ಕಲಿಸಿದರು. ಈಗ ಆ ತಾಯಿ ರಾತ್ರಿ ಒಬ್ಬರೇ ಎದ್ದು ಹೋಗಿ ಬರುತ್ತಾರೆ. ಜೋಮು ಹಾಗೇ ಇದೆ. ಆಪರೇಶನ್ ಬೇಡವೆಂದು ಅವರು ಹೇಳಿಲ್ಲ, ಜೋಳದ ಸುಗ್ಗಿ ಮುಗಿಯಲಿ ನೋಡೋಣ ಎಂದಿದ್ದಾರೆ. ನಾಳೆ ಕಾಲಿನ ಶಕ್ತಿ ಕುಂದಿದರೆ ಲೆಕ್ಕ ಬದಲಾಗುತ್ತದೆ, ಅದು ಮನೆಯವರಿಗೆಲ್ಲ ಗೊತ್ತಿದೆ.

ಬಲಿಪೂಜೆಯ ನಂತರ ಕೆಲವರು ನನ್ನನ್ನು ಕೇಳುವುದುಂಟು: ನೋವನ್ನು ಶಿಲುಬೆಯೆಂದು ಹೊರಬೇಕಲ್ಲವೇ, ಔಷಧ ಏಕೆ? ಎರಡನೇ ಜಾನ್ ಪೌಲರು ನೋವಿನ ಅರ್ಥದ ಬಗ್ಗೆ ಪತ್ರ ಬರೆದದ್ದೂ ಫೆಬ್ರವರಿ 11ರಂದೇ, 1984ರಲ್ಲಿ. ನೋವುಂಡವರ ಬದುಕು ವ್ಯರ್ಥವಲ್ಲ ಎಂದು ಆ ಪತ್ರ ಹೇಳುತ್ತದೆ. ಆದರೆ ಒಳ್ಳೆಯ ಸಮಾರ್ಯದವನ ಸಾಮತಿ ಎತ್ತಿಕೊಂಡು, ನೋವುಂಡವನ ಗಾಯ ಕಟ್ಟುವ ಕರ್ತವ್ಯವನ್ನೂ ಹೇಳುತ್ತದೆ. ಜಗದ್ಗುರು ಹನ್ನೆರಡನೇ ಪಯಸ್‌ರವರು 1957ರಲ್ಲಿ ವೈದ್ಯರೊಡನೆ ಮಾತನಾಡುತ್ತಾ, ನೋವು ನಿವಾರಿಸುವ ಮದ್ದು ತೆಗೆದುಕೊಳ್ಳುವುದು ತಪ್ಪಲ್ಲ ಎಂದರು. ಚಿಕಿತ್ಸೆಯ ಅಪಾಯ, ಖರ್ಚು, ಸಿಗಬಹುದಾದ ಫಲ, ರೋಗಿಯ ಶಕ್ತಿ ಇವನ್ನೆಲ್ಲ ತೂಗಿ ನೋಡಬಹುದೆಂದು 1980ರಲ್ಲಿ ವ್ಯಾಟಿಕನ್ನಿನ ಘೋಷಣೆ ತಿಳಿಸಿತು. ಅವು ಮರಣಶಯ್ಯೆಯ ಪ್ರಶ್ನೆಗಳಿಗೆ ಬಂದ ಉತ್ತರಗಳಾದರೂ ತಕ್ಕಡಿ ಅದೇ. ಆಪರೇಶನ್ ಬೇಡ ಎಂದವರು ವಿಶ್ವಾಸವಿಲ್ಲದ ಹೇಡಿಗಳಲ್ಲ, ಬೇಕು ಎಂದವರು ಶಿಲುಬೆ ಎಸೆದವರಲ್ಲ. ತಕ್ಕಡಿ ಹಿಡಿಯುವ ಕೈ ಮಾತ್ರ ರೋಗಿಯದಾಗಿರಬೇಕು.

ಲೂರ್ದಿನ ಮಾತೆಯ ಹಬ್ಬದಂದು ಪವಾಡದ ಮಾತು ಬಾರದೆ ಇರುತ್ತದೆಯೇ? 2018ರ ಇದೇ ಫೆಬ್ರವರಿ 11ರಂದು ಧರ್ಮಸಭೆ ಲೂರ್ದಿನ 70ನೇ ಪವಾಡವನ್ನು ಮಾನ್ಯ ಮಾಡಿತು. ಅದು ಬೆನ್ನಿನದೇ ಎಂದು ಎಷ್ಟು ಜನರಿಗೆ ಗೊತ್ತು? ಫ್ರಾನ್ಸಿನ ಸಿಸ್ಟರ್ ಬೆರ್ನದೆತ್ತ್ ಮೊರಿಯೋ ಅವರಿಗೆ ನಾನು ಹೇಳಿದ ಆ ಕುದುರೆಬಾಲದ ನರಗಳೇ ಕೆಟ್ಟಿದ್ದವು. ಅವರು ಹಲವು ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿಕೊಂಡವರು, ಮಾರ್ಫಿನ್ ತೆಗೆದುಕೊಂಡವರು, ಪಟ್ಟಿ ಕಟ್ಟಿಕೊಂಡವರು. 2008ರಲ್ಲಿ ಲೂರ್ದಿನ ಯಾತ್ರೆಯ ನಂತರ ಗುಣವಾದರು. ಆಮೇಲೂ ಧರ್ಮಸಭೆ ಹತ್ತು ವರ್ಷ ಕಾಯಿತು, ವೈದ್ಯರ ಕಾಗದಗಳನ್ನು ಮತ್ತೆ ಮತ್ತೆ ತೆಗೆಸಿ ನೋಡಿತು. ಲೂರ್ದಿನಲ್ಲಿ 1883ರಿಂದ ಅದಕ್ಕೆಂದೇ ವೈದ್ಯರ ಕಚೇರಿ ಇದೆ. ಆಸ್ಪತ್ರೆಯ ದಾರಿ ಬಿಟ್ಟು ಪವಾಡದ ದಾರಿ ಹಿಡಿಯಿರಿ ಎಂದು ಮಾತೆ ಯಾರಿಗೂ ಹೇಳಿಲ್ಲ.

ಇನ್ನು ಕೆಲಸದ ಮಾತು. ಖರ್ಚಿನ ಭಯದಿಂದ ಮನೆಯಲ್ಲೇ ಕೂರಬೇಡಿ. 2018ರಿಂದ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ತುರ್ತಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಬೇಕು. ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ದುಡ್ಡು ಕಟ್ಟಿ, ಆಮೇಲೆ ಕಾರ್ಡ್ ತೋರಿಸಿದರೆ ಉಪಯೋಗವಿಲ್ಲ. ಕೊಪ್ಪಳದಲ್ಲೇ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಲ್ಲಿಂದ ಹುಬ್ಬಳ್ಳಿಗೋ ಬಳ್ಳಾರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಬರೆಸಿಕೊಳ್ಳಬಹುದು. ಹೋಗುವಾಗ ರೋಗಿಯನ್ನೂ ಒಳಗೆ ಕರೆದುಕೊಂಡು ಹೋಗಿ. ಫಿಲ್ಮು ಹಿಡಿದು ಮಗನೊಬ್ಬನೇ ವೈದ್ಯರ ಮುಂದೆ ಕೂರುವುದನ್ನು ನಾನು ಬಹಳ ಕಂಡಿದ್ದೇನೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ, ಗುಟ್ಕಾ ತಂಬಾಕು ಬಿಡಿ. ಆಪರೇಶನ್ ಗಾಯ ಮಾಯುವುದಕ್ಕೂ ಮೂಳೆ ಕೂಡುವುದಕ್ಕೂ ಅವೆರಡೂ ಅಡ್ಡಿ.

ನಿಮ್ಮ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಪರೀಕ್ಷೆಯ ಕಿಟ್ ಇರುತ್ತದೆ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯವೂ ಇದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಶುದ್ಧ ನೀರಿನ ಘಟಕದ್ದೋ ನದಿಯ ನಲ್ಲಿಯದೋ ಮಳೆಯದೋ ನೀರನ್ನು ಕುಡಿಯಲು, ಅಡುಗೆಗೆ ಇಟ್ಟುಕೊಳ್ಳಿ, ಬೋರಿನದು ಬಳಕೆಗಿರಲಿ. ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಗೆ ಒಬ್ಬೊಬ್ಬರೇ ಹೋಗಬೇಡಿ, ಎಲ್ಲ ಧರ್ಮದವರೂ ಕೂಡಿ ಹೋಗಿ. ಬೆನ್ನಿಗಾದ ಕೇಡು ನೀರು ಬದಲಿಸಿದರೆ ಹಿಂದಕ್ಕೆ ಹೋಗುವುದಿಲ್ಲ, ಆದರೆ ಮುಂದಕ್ಕೆ ಬೆಳೆಯುವುದು ನಿಲ್ಲುತ್ತದೆ. ಇಂದು ಗುಡಿಯ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳ ಬೆನ್ನುಗಳಾದರೂ ಉಳಿಯುತ್ತವೆ. ಎತ್ತನ್ನು ಬಿಚ್ಚಿ ಒಳ್ಳೆಯ ನೀರಿರುವ ಹಳ್ಳಕ್ಕೆ ಹೊಡೆಯುವವರು ನಾವು. ಮಕ್ಕಳ ಕೊಡಕ್ಕೂ ಅಷ್ಟು ಅಕ್ಕರೆ ಇರಲಿ.

ಈಗ ರೋಗಿಗಳ ಅಭ್ಯಂಗ ನಡೆಯುತ್ತದೆ. ಅದು ಸಾಯುವವರಿಗೆ ಮಾತ್ರ ಎಂಬ ಹೆದರಿಕೆ ಇನ್ನೂ ನಮ್ಮಲ್ಲಿದೆ. ದೊಡ್ಡ ಆಪರೇಶನ್‌ಗೆ ಹೋಗುವವರು, ದೀರ್ಘ ಕಾಯಿಲೆಯವರು, ವಯಸ್ಸಿನಿಂದ ಕುಗ್ಗಿದವರು ಎಲ್ಲರೂ ಪಡೆಯಬಹುದು. ನಡೆಯಬಲ್ಲವರು ಪೀಠದ ಮುಂದೆ ಬನ್ನಿ. ನಿಲ್ಲಲಾಗದವರು ಏಳಬೇಡಿ, ನೆಟ್ಟಗೆ ಕೂರಲೂ ಪ್ರಯತ್ನಿಸಬೇಡಿ. ನಿಮ್ಮ ನಿಮ್ಮ ಬೆಂಚಿನ ಬಳಿಗೆ ನಾನೇ ಎಣ್ಣೆ ತೆಗೆದುಕೊಂಡು ಬರುತ್ತೇನೆ.